ಸೋಲುವ ಕೆಲಸ

ಬೈಲಹೊಂಗಲ, ೧೯೦೮ ನವೆಂಬರ್ ೩

ಶಾಲೆಯಿಂದ ಬಂದವಳು ಹೊಸ್ತಿಲ ಮೇಲೆಯೇ ಕುಳಿತುಬಿಟ್ಟೆ. ಹೊಸ್ತಿಲ ಮೇಲೆ ಕೂಡಬಾರದು, ಮನೆಗೆ ಒಳ್ಳೆಯದಲ್ಲ ಎನ್ನುತ್ತಾರೆ. ಪ್ಲೇಗಿನಲ್ಲಿ ಯಜಮಾನರು ಹೋದ ಮೇಲೆ ಈ ಮನೆಗೆ ಇನ್ನೇನು ಬರುವುದು ಬಾಕಿ ಇದೆಯೋ ತಿಳಿಯದು. ಒಳಗೆ ಹೋದರೆ ಒಲೆ ಹಚ್ಚಬೇಕು. ಅದಕ್ಕೇ ಅಲ್ಲಿ ಕುಳಿತೆ.

ಧಾರವಾಡದಲ್ಲಿ ಮಾಸ್ತರಿಕೆ ಕಲಿಯುವಾಗ, ದಿನಕ್ಕೆ ನಾಲ್ಕು ಸಾಲು ಬರೆಯಿರಿ, ಅಕ್ಷರವೂ ಮನಸ್ಸೂ ನೆಟ್ಟಗಾಗುತ್ತವೆ ಎಂದು ನಮಗೆ ಹೇಳುತ್ತಿದ್ದರು. ಇಷ್ಟು ವರ್ಷ ಬರೆಯಲಿಲ್ಲ. ಈಗ ಬರೆಯುವುದು ಯಾರೊಡನೆಯೂ ಮಾತನಾಡುವ ಶಕ್ತಿ ಇಲ್ಲವೆಂದು.

ಮಗ ಮಡಿವಾಳ ದೀಪ ಹಚ್ಚುವ ಹೊತ್ತಿಗೆ ಬಂದ. ನಮ್ಮೂರದು ಕಪ್ಪು ಎರೆಮಣ್ಣು, ಇವನ ಕಾಲಿಗೆ ಮೊಣಕಾಲವರೆಗೆ ಕೆಂಪು ಧೂಳು. ಕೆಂಪು ಮಣ್ಣಿರುವುದು ಹತ್ತಿ ಬಿಡಿಸುವ ಜಿನ್ನಿನ ಅಂಗಳದಲ್ಲಿ ಮಾತ್ರ. ಅಲ್ಲಿಯ ಮ್ಯಾನೇಜರ ಪಾರಸಿ ಸಾಹೇಬರು ತಮ್ಮ ಚೆಂಡಿನ ಆಟಕ್ಕೆಂದು ಗಾಡಿಗಟ್ಟಲೆ ತರಿಸಿ ಹಾಕಿಸಿದ್ದಾರೆ. ಸುಗ್ಗಿಯವರೆಗೆ ಜಿನ್ನು ನಿಂತೇ ಇರುತ್ತದೆ, ಅವರಿಗೂ ಹೊತ್ತು ಹೋಗಬೇಕಲ್ಲ. ಚೆಂಡು ಆರಿಸಿಕೊಡಲು ನಾಲ್ಕು ಹುಡುಗರನ್ನು ಇಟ್ಟುಕೊಂಡಿದ್ದಾರೆ, ಅವರಲ್ಲಿ ಇವನೂ ಒಬ್ಬನೆಂದು ತಿಳಿದಿದ್ದೆ. ಮನೆಮನೆಗೆ ಹೋಗಿ ಹುಡುಗಿಯರನ್ನು ಶಾಲೆಗೆ ಕರೆತರುವ ನಮ್ಮ ಶಟ್ಟೆವ್ವ ಇಂದು ಬೇರೆಯೇ ಹೇಳಿದಳು. “ಅಕ್ಕಾರ, ನಿಮ್ಮ ಹುಡುಗ ಚೆಂಡ ಆರಸಾಕ ಹತ್ತಿಲ್ರಿ. ಸಾಹೇಬರ ಎದುರ ನಿಂತು ತಾನ ಹೊಡ್ಯಾಕ ಹತ್ತ್ಯಾನ.”

ಅವನಿಗೆ ಹದಿನಾರು ತುಂಬಿತು. ಬರುವ ಬೇಸಿಗೆಗೆ ಮುಲ್ಕಿ ಪರೀಕ್ಷೆ. ಪಾಸಾದರೆ ಮಾಸ್ತರನಾದಾನು, ತಲಾಠಿಯಾದಾನು. ನಾನು ಕೇಳುವುದು ಅಷ್ಟೇ. ಬಯ್ಯಬೇಕೆಂದಿದ್ದೆ, ಬಯ್ಯಲು ಎದ್ದು ನಿಲ್ಲಬೇಕಾಗುತ್ತದೆ. ಬಿಟ್ಟೆ.

ನವೆಂಬರ್ ೧೫

ಪಾರಸಿ ಸಾಹೇಬರು ತಾವೇ ಮನೆಗೆ ಬಂದಿದ್ದರು. ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದು ನಿಂತಿತು. ಅವರು ಕಟ್ಟೆಯ ಮೇಲೆ ಕುಳಿತರು, ನಾನು ಬಾಗಿಲ ಮರೆಯಲ್ಲಿ ನಿಂತೆ. ಮರಾಠಿ ಬೆರೆಸಿದ ಕನ್ನಡದಲ್ಲಿ ಹೇಳಿದರು: “ಬಾಯಿ, ಮುಂಬಯಿದಾಗ ನಾ ಛಲೋ ಛಲೋ ಮಂದಿ ಜೋಡಿ ಆಡೇನಿ. ಇಂಥಾ ಕೈ ನೋಡಿಲ್ಲ.”

ಆ ಚೆಂಡಿನ ಆಟದಲ್ಲಿ ಎರಡು ಜಾತಿಯಂತೆ. ಸಂಬಳವಿಲ್ಲದೆ ಆಡುವವರು ಒಂದು, ಅವರು ದೊಡ್ಡಮನುಷ್ಯರು. ಚಳಿಗಾಲದಲ್ಲಿ ಧಾರವಾಡದಲ್ಲಿ ಅವರ ಪಂದ್ಯಗಳಾಗುತ್ತವೆ. ಕ್ಲಬ್ಬಿನಲ್ಲಿ, ವಾಡೆಗಳಲ್ಲಿ ಸಂಬಳಕ್ಕೆ ನಿಂತು ಬಂದವರೊಡನೆ ಆಡುವವರು ಇನ್ನೊಂದು. ಅವರಿಗೆ ಮಾರ್ಕರ್ ಎನ್ನುತ್ತಾರೆ. ಒಮ್ಮೆ ಸಂಬಳ ಮುಟ್ಟಿದವನು ದೊಡ್ಡಮನುಷ್ಯರ ಪಂದ್ಯದಲ್ಲಿ ನಿಲ್ಲುವಂತಿಲ್ಲ. ಬರುವ ವರ್ಷ ಮಡಿವಾಳನನ್ನು ತಮ್ಮ ಕಡೆಯವನೆಂದು ಧಾರವಾಡಕ್ಕೆ ಒಯ್ಯುತ್ತೇನೆ, ಅಲ್ಲಿಯವರೆಗೆ ಅವನು ಆಟಕ್ಕೆ ಒಂದು ದುಡ್ಡೂ ಮುಟ್ಟಬಾರದು ಎಂದರು.

ನಾನು ಸಂಬಳಕ್ಕೆ ಪಾಠ ಹೇಳುವವಳು. ಹಾಗಾದರೆ ನನ್ನದು ಯಾವ ಜಾತಿ ಎಂದು ಕೇಳಬೇಕೆನಿಸಿತು. ಮೊದಲು ಮುಲ್ಕಿ ಆಗಲಿ ಎಂದೆ. ಅವರು ತಲೆಯಾಡಿಸಿ ಹೋದರು. ಕಾಲು ಬಹಳ ಸೇದುತ್ತಿವೆ.

ಡಿಸೆಂಬರ್ ೬

ಲೆಕ್ಕ ತಪ್ಪು, ವ್ಯಾಕರಣ ತಪ್ಪು. ಮಡಿವಾಳ ಪುಸ್ತಕದ ಮುಂದೆ ಕುಳಿತು ಕೈಯ ಮಣಿಕಟ್ಟನ್ನು ಅತ್ತಿತ್ತ ತಿರುಗಿಸುತ್ತಾನೆ. ತಾನು ಹಾಗೆ ಮಾಡುವುದು ಅವನಿಗೇ ಗೊತ್ತಿಲ್ಲ.

ಡಿಸೆಂಬರ್ ೨೦

ಕಿತ್ತೂರಿನಿಂದ ನಿಜಗುಣಪ್ಪಣ್ಣ ಬಂದಿದ್ದ. ತಂದೆ ಹೋದ ಮೇಲೆ ನನ್ನ ತವರೆಂದರೆ ಅವನೇ. ಜೋಳದ ಚೀಲ ಇಳಿಸಿ, ನೀರು ಕುಡಿದು, ವಿಷಯಕ್ಕೆ ಬಂದ. ಹುಡುಗನನ್ನು ತನ್ನ ಹತ್ತಿರ ಕಳಿಸಬೇಕು, ಹೊಲ ನೋಡಿಕೊಳ್ಳಲಿ, ಎರಡು ವರ್ಷಕ್ಕೆ ಮದುವೆ ಮಾಡೋಣ. ಆಟದ ಸುದ್ದಿ ಕಿತ್ತೂರಿಗೂ ಮುಟ್ಟಿದೆ. “ಚೆಂಡ ಹೊಡದು ಯಾವ ಮನಿ ಉದ್ಧಾರ ಆಗೈತಿ ದೇವಕ್ಕಾ? ಕುಸ್ತಿ ಆಗಿದ್ರ ಒಂದ ಮಾತು. ಗೆದ್ರ ಬೆಳ್ಳಿ ಕಡಗ ಹಾಕತಾರ, ಊರಾಗ ಮೆರಸತಾರ. ಇದು ಸಾಹೇಬರ ಹೊತ್ತ ಕಳಿಯೂ ಆಟ.”

ಅಣ್ಣ ಕೆಟ್ಟವನಲ್ಲ. ಹೇಳಿದ್ದರಲ್ಲಿ ತಪ್ಪೂ ಇಲ್ಲ. ಒಪ್ಪಿದರೆ ನನ್ನ ಭಾರ ಇಳಿಯುತ್ತಿತ್ತು. ಮುಲ್ಕಿ ಆಗಲಿ ಎಂದೆ. ಎಲ್ಲರಿಗೂ ಅದನ್ನೇ ಹೇಳುತ್ತಿದ್ದೇನೆ.

೧೯೦೯ ಜನವರಿ ೧೭

ಇಂದು ಜಿನ್ನಿನ ಅಂಗಳಕ್ಕೆ ಹೋಗಿದ್ದೆ. ಬಯ್ದು ಕರೆತರಬೇಕೆಂದು ಹೋದದ್ದು. ಬೇವಿನ ಗಿಡದ ಹಿಂದೆ ಸೆರಗು ಎಳೆದುಕೊಂಡು ನಿಂತೆ.

ನಡುವೆ ಒಂದು ಜಾಳಿಗೆ, ಸುತ್ತ ಸುಣ್ಣದ ಗೆರೆ. ಈ ಕಡೆಯವ ಹೊಡೆಯುವುದು, ಆ ಕಡೆಯವ ತಿರುಗಿ ಹೊಡೆಯುವುದು. ಲೆಕ್ಕವೂ ವಿಚಿತ್ರ: ಒಂದಾದ ಮೇಲೆ ಎರಡು ಬರುವುದಿಲ್ಲ, ಹದಿನೈದು, ಮೂವತ್ತು, ನಲವತ್ತು ಎಂದು ಕೂಗುತ್ತಾರೆ. ನನಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಸಾಹೇಬರು ಚೆಂಡಿನ ಹಿಂದೆ ಓಡುತ್ತಿದ್ದರು, ಮಡಿವಾಳನ ಕಾಲು ಚೆಂಡಿಗಿಂತ ಮೊದಲೇ ಅಲ್ಲಿಗೆ ಹೋಗಿ ನಿಂತಿರುತ್ತಿದ್ದವು. ಮನೆಯಲ್ಲಿ ಕೊಡ ಎತ್ತಿದರೆ ನೀರು ಚೆಲ್ಲುವ ಹುಡುಗ.

ಕತ್ತಲಾಗುವವರೆಗೆ ನಿಂತಿದ್ದೆ. ರೊಟ್ಟಿ ತಡವಾಯಿತು. ಬಯ್ಯುವುದು ಮರೆತಿತ್ತು.

ಫೆಬ್ರವರಿ ೯

ಪಾರಸಿ ಸಾಹೇಬರಿಗೆ ಖಾನದೇಶದ ಕಡೆ ವರ್ಗವಾಗಿದೆ. ಬಂದು ಹೇಳಿ ಹೋದರು. ಧಾರವಾಡದ ಮಾತು ಅಲ್ಲಿಗೆ ಮುಗಿಯಿತು. ಅವರಿಲ್ಲದೆ ಆ ಪಂದ್ಯದ ಗೇಟಿನೊಳಗೆ ನಮ್ಮವನನ್ನು ಯಾರು ಬಿಟ್ಟಾರು. ತಮ್ಮದೊಂದು ಬ್ಯಾಟನ್ನು ಅವನಿಗೆ ಕೊಟ್ಟರು. ಬರುವ ಮ್ಯಾನೇಜರರಿಗೆ ಆಟದ ಗೀಳಿಲ್ಲವಂತೆ, ಆ ಅಂಗಳದಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲ ಇಳಿಸುತ್ತಾರಂತೆ.

ಹೋಗುವಾಗ ಇನ್ನೊಂದು ಮಾತು ಹೇಳಿದರು. ರಾಮದುರ್ಗದ ಆಚೆ ಮಲಪ್ರಭೆಯ ದಂಡೆಯಲ್ಲಿ ಒಬ್ಬ ದೇಸಾಯರಿದ್ದಾರೆ. ಬೇಟೆಗೆ ಬರುವ ಗೋರಾ ಸಾಹೇಬರಿಗಾಗಿ ವಾಡೆಯ ಹಿಂದೆ ಅಂಗಳ ಕಟ್ಟಿಸಿದ್ದಾರೆ, ಅವರೊಡನೆ ಆಡಲು ಒಬ್ಬ ಮಾರ್ಕರ್ ಬೇಕಾಗಿದ್ದಾನೆ. ಬೇಕಾದರೆ ಚೀಟಿ ಕೊಡುತ್ತೇನೆ ಎಂದರು. ಬೇಕಾದರೆ ಎನ್ನುವಾಗ ಅವರು ನನ್ನ ಮುಖ ನೋಡಲಿಲ್ಲ.

ಫೆಬ್ರವರಿ ೧೪

ಇಂದು ಉಣ್ಣುವಾಗ ಮಡಿವಾಳ ತಾನೇ ದೇಸಾಯರ ಕೆಲಸದ ಮಾತು ತೆಗೆದ. ನೌಕರನಾಗುತ್ತೀ, ಕಂಡವರ ಮುಂದೆ ಕೈ ಕಟ್ಟಿ ನಿಲ್ಲುತ್ತೀ ಎಂದೆ. ಮುಲ್ಕಿ ಆದರೂ ಕೈ ಕಟ್ಟಿಯೇ ನಿಲ್ಲಬೇಕಲ್ಲ ಎಂದ. ಶಾಲೆಗೆ ಇನಸ್ಪೆಕ್ಟರು ಬಂದಾಗ ನಾನು ನಿಲ್ಲುವುದನ್ನು ಅವನು ನೋಡಿದ್ದಾನೆ.

“ದೊಡ್ಡಮನುಷ್ಯಾ ಆಗಿ ಆಡಾಕ ನಮಗ ಆಗಂಗಿಲ್ಲವ್ವಾ. ನೌಕರ ಆದ್ರರೆ ದಿನಾ ಆಡಾಕ ಸಿಗತೈತಿ. ಇಲ್ಲಂದ್ರ ಇಲ್ಲೇ ಮುಗೀತು.”

ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ನನಗೆ ಯಾವುದಕ್ಕೂ ಹಟ ಮಾಡುವ ಶಕ್ತಿ ಉಳಿದಿಲ್ಲ.

ಸವದತ್ತಿ, ಮಾರ್ಚ್ ೪

ಪಾರಸಿ ಸಾಹೇಬರ ಚೀಟಿ ಹಿಡಿದು ದೇಸಾಯರಲ್ಲಿಗೆ ಹೊರಟಿದ್ದೇವೆ. ಚಕ್ಕಡಿಯಲ್ಲಿ ಬೆನ್ನು ಮುರಿದಂತಾಗಿದೆ. ಧರ್ಮಶಾಲೆಯಲ್ಲಿ ಇಳಿದುಕೊಂಡಿದ್ದೇವೆ. ಎಲ್ಲಮ್ಮನ ಗುಡ್ಡ ಹತ್ತೋಣವೇ ಎಂದು ಮಡಿವಾಳ ಕೇಳಿದ. ಇಲ್ಲಿಂದಲೇ ಕೈ ಮುಗಿದೆ. ಅವನು ಒಬ್ಬನೇ ಹತ್ತಿ ಹೋಗಿ ಓಡುತ್ತ ಇಳಿದು ಬಂದ. ಉಸಿರು ಕೂಡ ಏರಿರಲಿಲ್ಲ.

ಮಾರ್ಚ್ ೬

ದೇಸಾಯರ ವಾಡೆ. ನಮಗೆ ಹಿತ್ತಲಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ನಾಳೆ ಮಡಿವಾಳನ ಆಟದ ಪರೀಕ್ಷೆ. ಒಬ್ಬ ಗೋರಾ ಸಾಹೇಬರು ಬೇಟೆಗೆ ಬಂದಿದ್ದಾರೆ, ಅವರೊಡನೆ ಆಡಬೇಕು. ಸಂಜೆ ವಾಡೆಯ ವ್ಯವಹಾರ ನೋಡುವ ಕಾರಭಾರಿಗಳು ಬಂದು ಹೊರಗೆ ನಿಂತರು. ವಯಸ್ಸಾದವರು, ಮಾತು ಮೃದು. “ಹುಡುಗ ಛಲೋ ಆಡ್ತಾನಂತ ಕೇಳೇವಿ. ಆಡ್ಲಿ. ಆದ್ರ ಕಡೀಕ ಸಾಹೇಬ್ರು ಗೆಲ್ಲಬೇಕು, ಅವರಿಗೆ ಸಂಶಯ ಬರಬಾರದು. ಇಷ್ಟು ಅವಗ ತಿಳೀತದೋ ಇಲ್ಲೋ ಅನ್ನೋದ ನಾವು ನೋಡೋದು.”

ಅವರು ಹೋದ ಮೇಲೆ ಮಡಿವಾಳ ಗೋಡೆಗೆ ಆತು ಕುಳಿತ. ನಾನೇನು ಮಾಡಲವ್ವಾ ಎಂದು ಕೇಳಿದ. ಚಿಕ್ಕವನಿದ್ದಾಗಿನಿಂದ ಅವನು ನನ್ನನ್ನು ಹಾಗೆ ಕೇಳಿದ್ದೇ ಇಲ್ಲ.

“ಸೋಲಪಾ. ಸೋತ್ರ ಏನ ಹೋಗತೈತಿ,” ಎಂದೆ. ಮಂದಿ ಹೊಟ್ಟೆಗಾಗಿ ಏನೇನೋ ಮಾಡುತ್ತಾರೆ.

ಅವನು ಕೇಳಿದ: “ಎಷ್ಟ ಸೋಲಲಿ?”

ಮಾರ್ಚ್ ೭

ಸೋತ. ಮೊದಲ ಸೆಟ್ಟು ಗೆದ್ದು, ಆಮೇಲಿನ ಎರಡನ್ನು ಬಿಟ್ಟುಕೊಟ್ಟ. ಸಾಹೇಬರು ಅವನ ಬೆನ್ನು ತಟ್ಟಿದರು. ದೇಸಾಯರು ನಕ್ಕರು, ಕಾರಭಾರಿಗಳು ನನ್ನ ಕಡೆ ನೋಡಿ ತಲೆ ತೂಗಿದರು. ಕೆಲಸವಾಯಿತು. ಊಟ, ವಸತಿ, ಎರಡು ಜೊತೆ ಬಿಳಿ ಬಟ್ಟೆ, ಕೆಂಪು ಪಟ್ಟಿಯ ಟೊಪ್ಪಿಗೆ.

ಯಾರಿಗೂ ಸಂಶಯ ಬರಲಿಲ್ಲ. ನನಗೆ ಕಂಡಿತು. ಕಡೆಕಡೆಗೆ ಚೆಂಡಿನ ಹತ್ತಿರ ಹೋಗುವ ಮೊದಲೇ ಅವನ ಕಾಲು ಬೇಕೆಂದೇ ನಿಂತುಬಿಡುತ್ತಿದ್ದವು.

ಬೈಲಹೊಂಗಲ, ಮಾರ್ಚ್ ೨೮

ಒಬ್ಬಳಿಗೆ ಅಡಿಗೆ ಮಾಡುವುದೆಂದರೆ ಬೇಸರ. ಒಂದು ಹೊತ್ತು ಮಾಡಿ ಎರಡು ಹೊತ್ತು ಉಣ್ಣುತ್ತೇನೆ.

ಏಪ್ರಿಲ್ ೧೯

ಮುಲ್ಕಿ ಪರೀಕ್ಷೆಯ ದಿನ. ಹುಡುಗರು ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗುವುದನ್ನು ನೋಡಿದೆ. ಅಳು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ, ನಿದ್ದೆ ಬಂತು.

ಜೂನ್ ೧೩

ಮಡಿವಾಳ ಎಂಟು ದಿನದ ರಜೆಗೆ ಬಂದಿದ್ದ, ಇಂದು ಹೋದ. ಮೈ ಕಪ್ಪಾಗಿದೆ, ಭುಜ ಅಗಲವಾಗಿದೆ. ನಡೆಯುವಾಗ ತಲೆ ಸ್ವಲ್ಪ ಬಗ್ಗಿಸುತ್ತಾನೆ.

ಅಲ್ಲಿಯ ಸುದ್ದಿ ಹೇಳಿ ಶಟ್ಟೆವ್ವನನ್ನು ಬಹಳ ನಗಿಸಿದ. ದಪ್ಪನೆಯ ಸಾಹೇಬರಿಗೆ ಚೆಂಡನ್ನು ಅವರ ಬ್ಯಾಟಿಗೇ ಒಯ್ದು ಮುಟ್ಟಿಸುವಂತೆ ಹೊಡೆಯಬೇಕು. ಸಿಟ್ಟಿನ ಸಾಹೇಬರಿಗೆ ಮೊದಲು ಎರಡು ಆಟ ಸೋತು ಕೊಟ್ಟರೆ ದಿನವೆಲ್ಲ ಸಮಾಧಾನ. ದೇಸಾಯರ ಸೋದರಳಿಯನಿಗೆ ತಾನು ಗೆಲ್ಲುತ್ತಿರುವುದು ನಿಜವೆಂದೇ ನಂಬಿಕೆ. ಸೋಲುವುದಕ್ಕೂ ಕಸಬುಗಾರಿಕೆ ಬೇಕು ಎಂದ. ಶಟ್ಟೆವ್ವ ಕಣ್ಣೊರೆಸಿಕೊಂಡು ನಕ್ಕಳು.

ಅವಳು ಎದ್ದು ಹೋದ ಮೇಲೆ ಹೇಳಿದ: “ಒಂದ ಅಂಜಿಕಿ ಹತ್ತೇತವ್ವಾ. ಈಗ ನಾ ಖರೇನ ಗೆಲ್ಲಬೇಕಂದ್ರ ಕೈ ಬರತೈತೋ ಇಲ್ಲೋ. ಮೊನ್ನೆ ನಾನೊಬ್ಬನ ಗ್ವಾಡಿಗೆ ಹೊಡ್ಯಾಕ ನಿಂತೆ. ಅಲ್ಲೂ ಚೆಂಡ ಮೆಲ್ಲಕ ಹೋತು.”

ಬಂಡಿಯವರೆಗೆ ಹೋಗಿ ಕಳಿಸಿ ಬಂದೆ. ಬರುವಾಗ ಜಿನ್ನಿನ ಮುಂದೆ ಹಾಯ್ದು ಬಂದೆ. ಕೆಂಪು ಅಂಗಳದಲ್ಲಿ ಹುಲ್ಲು ಬೆಳೆದಿದೆ, ಗೆರೆ ಅಳಿಸಿವೆ.

ಜುಲೈ ೨

ಮಳೆ. ಶಾಲೆಯ ಮಾಳಿಗೆ ಸೋರುತ್ತದೆ. ಹುಡುಗಿಯರು ಮೂಲೆಯಲ್ಲಿ ಕುಳಿತು ತೂಕಡಿಸುತ್ತಾರೆ, ಅವರೊಡನೆ ನಾನೂ.

ಜುಲೈ ೨೦

ಮಳೆ ನಿಂತು ಹೊರಪಾಯಿತು. ಹುಡುಗಿಯರಿಗೆ ಮೈ ಜಡ್ಡುಗಟ್ಟಿದೆಯೆಂದು, ಶಾಲೆಯ ಹಿತ್ತಲಲ್ಲಿ ಒಂದು ಹಗ್ಗ ಕಟ್ಟಿ, ಅರಿವೆಯ ಚೆಂಡು ಹೊಲಿದು ಕೊಟ್ಟೆ. ಹಗ್ಗದ ಮೇಲೆ ಹಾಯಿಸಿ ಅಂಗೈಯಿಂದ ಹೊಡೆಯುವುದು, ನೆಲಕ್ಕೆ ಬೀಳದಂತೆ ತಿರುಗಿಸುವುದು. ಬರೀ ವ್ಯಾಯಾಮ, ಬೇರೇನಲ್ಲ. ಕೆಂಚವ್ವ ಎಂಬ ಹುಡುಗಿಗೆ ಕಾಲಿನ ಚುರುಕು ಚೆನ್ನಾಗಿದೆ. ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ನೋಡಿಕೊ ಎಂದು ಅವಳಿಗೆ ನಾಲ್ಕೈದು ಸಲ ಹೇಳಬೇಕಾಯಿತು. ತೋರಿಸಿಯೂ ಕೊಟ್ಟೆ.

ಆಗಸ್ಟ್ ೧೧

ಕೆಂಚವ್ವನ ಅಜ್ಜ ಶಾಲೆಗೆ ಬಂದು ಗಲಾಟೆ ಮಾಡಿದರು. ಹೆಣ್ಣುಮಕ್ಕಳಿಗೆ ಚೆಂಡಾಟ ಕಲಿಸುವ ಶಾಲೆ ಬೇಡ ಎಂದರು. ಮೊದಲಾಗಿದ್ದರೆ ಹೂಂ ಎಂದು ಸುಮ್ಮನಾಗುತ್ತಿದ್ದೆ. ಇಂದು ಯಾಕೋ ಅರ್ಧ ತಾಸು ಎದುರು ನಿಂತು ವಾದಿಸಿದೆ. ಕಡೆಗೆ ಅವರೇ ದಣಿದು, ಆಡಲಿ, ಆದರೆ ಬೀದಿಗೆ ಕಾಣದಂತೆ ಆಡಲಿ ಎಂದು ಹೋದರು. ಹಿತ್ತಲಿಗೆ ತಟ್ಟಿ ಕಟ್ಟಿಸಬೇಕು.

ತಲೆನೋವು. ಬೇಗ ಮಲಗುತ್ತೇನೆ.

ನವೆಂಬರ್ ೧೪

ದೇಸಾಯರ ಕಡೆಯಿಂದ ಬಂದ ಬಂಡಿಯವನ ಕೈಯಲ್ಲಿ ಮಡಿವಾಳ ಹೇಳಿ ಕಳಿಸಿದ್ದಾನೆ. ಬರುವ ಭಾನುವಾರ ಅಲ್ಲಿಗೆ ಬಹಳ ಸಾಹೇಬರು ಕೂಡುತ್ತಾರೆ. ಅವರ ಚಹಕ್ಕೆ ಮೊದಲು ಮೋಜಿಗಾಗಿ ಇಬ್ಬರು ಮಾರ್ಕರರ ನಡುವೆ ಪಂದ್ಯ ಇಟ್ಟಿದ್ದಾರೆ. ಬೆಳಗಾವಿಯ ಲಗಮಪ್ಪ ಎಂಬವನೊಡನೆ. ಯಾರು ಗೆಲ್ಲಬೇಕೆಂದು ಯಾರೂ ಹೇಳಿಲ್ಲ. ನೀನು ಬರುತ್ತೀಯೇನು ಎಂದು ಕೇಳಿದ್ದಾನೆ.

ಇಷ್ಟು ದೂರ ಹೋಗಲು ಮೈಯಲ್ಲಿ ತ್ರಾಣವಿಲ್ಲ. ಶಾಲೆಗೆ ರಜೆ ಕೇಳಿದ್ದೇನೆ.

ದೇಸಾಯರ ವಾಡೆ, ನವೆಂಬರ್ ೨೧

ಮುಗಿಯಿತು. ಅಡಿಗೆಮನೆಯ ಹೆಂಗಸರ ಜೊತೆ ಬಾವಿಯ ಹತ್ತಿರ ನಿಂತು ನೋಡಿದೆ. ಸಾಹೇಬರು ಪೆಂಡಾಲಿನಲ್ಲಿ ಕುರ್ಚಿಯ ಮೇಲಿದ್ದರು, ಅರ್ಧ ಮಂದಿ ಆಟದ ಕಡೆ ನೋಡುತ್ತಲೂ ಇರಲಿಲ್ಲ. ಲಗಮಪ್ಪ ನಲವತ್ತು ದಾಟಿದವನು, ಸಣಕಲು, ಕಿವಿಯ ಮೇಲೆ ಕೂದಲು ಬೆಳ್ಳಗಾಗಿವೆ. ಇವನೇನು ಆಡಿಯಾನು ಎಂದು ಅಡಿಗೆಯ ಬಾಯವ್ವ ಅಂದಳು. ಅವನು ನಿಂತ ರೀತಿ ನೋಡಿದರೆ ಗೊತ್ತಾಗುತ್ತಿತ್ತು. ಅವಳಿಗೆ ಹೇಳಿದೆ, ತಿಳಿಯಲಿಲ್ಲ.

ಮೊದಲ ಸೆಟ್ಟು ಮಡಿವಾಳನ ಕೈಗೆ ಹತ್ತಲೇ ಇಲ್ಲ. ಚೆಂಡು ಮೆಲ್ಲಗೆ ಹೋಗಿ ಎದುರಿನವನಿಗೆ ಅನುಕೂಲವಾಗುವಲ್ಲಿಯೇ ಬೀಳುತ್ತಿತ್ತು. ಅಭ್ಯಾಸ ಹಾಗೆ ಕೂತುಬಿಟ್ಟಿದೆ. ಲಗಮಪ್ಪ ಜಾಳಿಗೆಯ ಹತ್ತಿರ ಬಂದು ಅವನಿಗೆ ಏನೋ ಅಂದ. ಆಮೇಲೆ ಕೇಳಿದೆ, ಅವನು ಅಂದದ್ದು ಇದು: “ತಮ್ಮಾ, ನಾ ಸಾಹೇಬ ಅಲ್ಲ. ನನಗ ಹೊಡಿ.”

ಎರಡನೆಯ ಸೆಟ್ಟಿನ ನಡುವೆ ಎಲ್ಲಿಂದಲೋ ಮಡಿವಾಳನ ಕಾಲು ತಿರುಗಿ ಬಂದವು. ಪೆಂಡಾಲಿನಲ್ಲಿ ಮಾತು ಕಡಿಮೆಯಾಯಿತು, ಒಬ್ಬಿಬ್ಬರು ಕುರ್ಚಿ ತಿರುಗಿಸಿ ಕುಳಿತರು. ಆ ಸೆಟ್ಟು ಇವನದಾಯಿತು. ಮೂರನೆಯದರಲ್ಲಿ ಇಬ್ಬರೂ ಸಮಸಮ ಬಂದಾಗ ಮಡಿವಾಳ ಓಡುತ್ತಲೇ ಒಂದು ಚೆಂಡನ್ನು ಮೂಲೆಗೆ ಹೊಡೆದ. ತೀರ್ಪಿಗೆ ಕುಳಿತ ದೇಸಾಯರ ಸೋದರಳಿಯ ಹೊರಗೆ ಎಂದ.

ಆಗ ನಾನು ಏನೋ ಅಂದೆನಂತೆ. ಬಾಯವ್ವ ಹೇಳುವ ಪ್ರಕಾರ, ಬಾವಿಯ ಕಟ್ಟೆ ಬಿಟ್ಟು ಗೆರೆಯವರೆಗೆ ನಡೆದು ಹೋಗಿ, ಒಳಗ ಬಿದ್ದೈತ್ರಿ, ಸುಣ್ಣ ಹಾರಿದ್ದ ನಾ ನೋಡೇನಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆನಂತೆ. ತಲೆಯ ಮೇಲಿನ ಸೆರಗು ಹಿಂದೆ ಜಾರಿತ್ತಂತೆ. ಕಾರಭಾರಿಗಳು ಎದ್ದು ನಿಂತದ್ದು ನೆನಪಿದೆ.

ಲಗಮಪ್ಪ ಮೂಲೆಗೆ ಹೋಗಿ, ಬಗ್ಗಿ, ಬೆರಳಿನಿಂದ ಗೆರೆಯನ್ನು ಮುಟ್ಟಿ ನೋಡಿದ. “ಅಕ್ಕಾರು ಹೇಳೂದು ಖರೆ ಐತ್ರಿ. ಒಳಗ ಬಿದ್ದೈತಿ,” ಎಂದು ತಾನೇ ಆ ಅಂಕವನ್ನು ಬಿಟ್ಟುಕೊಟ್ಟ.

ಆದರೂ ಗೆದ್ದವನು ಲಗಮಪ್ಪನೇ. ಕಡೆಯ ಎರಡು ಆಟಗಳಲ್ಲಿ ಅವನು ಆಡಿದ್ದನ್ನು ನಾನು ಹಿಂದೆ ಎಲ್ಲಿಯೂ ನೋಡಿಲ್ಲ. ಮಡಿವಾಳ ಬಿಡದೆ ಓಡಿದ, ನೆಲಕ್ಕೆ ಬಿದ್ದ, ಎದ್ದ, ಮತ್ತೆ ಓಡಿದ. ಏನು ಮಾಡಿದರೂ ಆಗಲಿಲ್ಲ. ಸಾಹೇಬರು ಚಪ್ಪಾಳೆ ತಟ್ಟಿ ಚಹಕ್ಕೆ ಎದ್ದರು.

ಮಡಿವಾಳ ಬಾವಿಗೆ ಬಂದಾಗ ನಾನು ನೀರು ಸೇದಿ ಹಾಕಿದೆ. ಮೊಣಕಾಲು ತರಚಿ ರಕ್ತ ಬರುತ್ತಿತ್ತು. ಮುಖ ನೋಡಿದರೆ ಹಬ್ಬದೂಟ ಉಂಡವರ ಮುಖ.

“ಇವತ್ತ ಖರೇನ ಸೋತೆ ಅವ್ವಾ,” ಎಂದ.

ನವೆಂಬರ್ ೨೨

ಮುಂಜಾನೆ ಲಗಮಪ್ಪ ನಮ್ಮ ಕೋಣೆಗೆ ಬಂದ. ಚಾಪೆ ಹಾಕಿದರೂ ಹೊರಗಿನ ಕಟ್ಟೆಯ ಮೇಲೆಯೇ ಕುಳಿತ. ಹುಡುಗನನ್ನು ಬೆಳಗಾವಿಗೆ ಕಳಿಸಿ, ತನ್ನ ಕೈಕೆಳಗೆ ಕೆಲಸ ಕೊಡಿಸುತ್ತೇನೆ ಎಂದ. ಅಲ್ಲಿಯೂ ಸಾಹೇಬರೇ, ಅಲ್ಲಿಯೂ ಸೋಲಬೇಕು, ಅದರಲ್ಲಿ ಸುಳ್ಳು ಹೇಳುವುದಿಲ್ಲ ಎಂದ. “ಆದ್ರ ಅಕ್ಕಾರ, ಸಾಹೇಬರು ಏಳೂದಕ್ಕಿಂತ ಮೊದಲ ನಾವು ಮಾರ್ಕರ್ ಮಂದಿ ನಮ್ಮ ನಮ್ಮೊಳಗ ಆಡತೇವಿ. ಅಲ್ಲಿ ಯಾರೂ ಯಾರಿಗೂ ಸೋತ ಕೊಡಂಗಿಲ್ಲ. ಇವ ಅಲ್ಲಿ ಎರಡ ವರ್ಷ ಇರ್ಲಿ. ಆಮ್ಯಾಲ ಇವನ ಮುಂದ ನನ್ನ ಆಟ ನಡ್ಯಂಗಿಲ್ಲ.” ಪುಣೆಯ ಕಡೆ ಒಳ್ಳೆಯ ಮಾರ್ಕರರಿಗೆ ಈಗ ಬೆಲೆ ಇದೆಯಂತೆ, ಅವರವರಲ್ಲೇ ಪಂದ್ಯಗಳೂ ನಡೆಯುತ್ತವಂತೆ.

ಮಡಿವಾಳ ನನ್ನ ಕಡೆ ನೋಡಿದ. ನಾನು ಹೋಗಪಾ ಎಂದೆ. ಕಿತ್ತೂರಿನ ಅಣ್ಣನಿಗೆ ನಾನೇ ಹೋಗಿ ಹೇಳುತ್ತೇನೆ. ಕಾರಭಾರಿಗಳು ಮುಖ ಗಂಟಿಕ್ಕಿದರು. ನಿನ್ನೆಯ ನನ್ನ ಮಾತಿನ ಸಿಟ್ಟೂ ಇರಬೇಕು. ದೇಸಾಯರು ಮಾತ್ರ, ಸಂಕ್ರಾಂತಿಯವರೆಗೆ ಇದ್ದು ಹೋಗಲಿ, ಅಷ್ಟರಲ್ಲಿ ಬೇರೆಯವನನ್ನು ನೋಡುತ್ತೇವೆ ಎಂದರು.

ನಾಳೆ ಹೊರಡಬೇಕು. ಸೊಂಟ ಹಿಡಿದುಕೊಂಡಿದೆ, ಚಕ್ಕಡಿಯನ್ನು ನೆನೆಸಿದರೆ ಈಗಲೇ ಬೆನ್ನು ನೋಯುತ್ತದೆ. ವಯಸ್ಸಾಯಿತು, ಇನ್ನು ಇಂಥ ಓಡಾಟ ನನ್ನಿಂದಾಗದು.

ಮಡಿವಾಳನಿಗೆ ಒಂದು ಮಾತು ಹೇಳುವುದಿದೆ. ಲಗಮಪ್ಪ ಗಿಡ್ಡನೆಯ ಚೆಂಡು ಹಾಕಿದಾಗಲೆಲ್ಲ ಇವನು ಜಾಳಿಗೆಯವರೆಗೆ ಓಡಿ ಬಂದು, ಹೊಡೆದು, ಅಲ್ಲಿಯೇ ನಿಂತುಬಿಡುತ್ತಾನೆ. ಬೆನ್ನ ಹಿಂದೆ ಅಂಗಳವೆಲ್ಲ ಖಾಲಿ ಬಿದ್ದಿರುತ್ತದೆ. ಹೊಡೆದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಮುಂಜಾನೆ ಬಂಡಿ ಕಟ್ಟುವ ಮೊದಲು ಅಂಗಳಕ್ಕೆ ಕರೆದುಕೊಂಡು ಹೋಗಿ, ನಿಂತು, ತೋರಿಸಬೇಕು.